ದುಡಿಮೆ, ವಿಶ್ರಾಂತಿ, ಆಹಾರ: ಮಾಂಸಖಂಡದ ಸಾರಜನಕದ ಲೆಕ್ಕ

ದುಡಿಯುವವನ ಮೈ ದುಡಿಮೆಯಿಂದ ಸವೆಯುತ್ತದೆಯೋ ಬೆಳೆಯುತ್ತದೆಯೋ ಎಂಬ ಪ್ರಶ್ನೆ ಮೇಲುನೋಟಕ್ಕೆ ವಿಚಾರಾರ್ಹವಾದುದೆಂದೇ ತೋರುವುದಿಲ್ಲ. ಗರಡಿಯಲ್ಲಿ ಸಾಮು ಮಾಡಿದವನ ತೋಳು ತುಂಬಿಕೊಳ್ಳುವುದನ್ನೂ, ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದವನ ಮೀನಖಂಡ ಬತ್ತುವುದನ್ನೂ ನೋಡದವರಿಲ್ಲ. ಹೀಗಿದ್ದೂ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಯೂರೋಪಿನ ಅಗ್ರಗಣ್ಯ ರಸಾಯನಶಾಸ್ತ್ರಜ್ಞನೊಬ್ಬನು ಇದಕ್ಕೆ ವಿರುದ್ಧವೆಂದು ತೋರುವ ಸಿದ್ಧಾಂತವನ್ನು ಮುಂದಿಟ್ಟನು. ಒಂದು ತಲೆಮಾರಿನ ವಿದ್ವಾಂಸರು ಅದನ್ನು ನಂಬಿದರು. ಸೈನಿಕನಿಗೆ, ಕೂಲಿಗೆ, ಕೈದಿಗೆ ಎಷ್ಟು ಆಹಾರ ಸಲ್ಲತಕ್ಕದ್ದೆಂಬ ಲೆಕ್ಕವೂ ಬಹುಮಟ್ಟಿಗೆ ಅದರಿಂದಲೇ ಹೊರಟಿತು. ಆ ಸಿದ್ಧಾಂತ ಬಿದ್ದ ಬಗೆಯನ್ನೂ, ಬಿದ್ದ ಬಳಿಕ ಅದರ ನೆರಳು ನಮ್ಮ ದೇಶದ ಸೆರೆಮನೆಗಳವರೆಗೆ ಚಾಚಿದುದನ್ನೂ, ಅದು ಹುಡುಕುತ್ತಿದ್ದ ಸಾಕ್ಷ್ಯ ಕಡೆಗೆ ಯಾರೂ ನಿರೀಕ್ಷಿಸದಿದ್ದ ಕಡೆ ದೊರೆತುದನ್ನೂ ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ‘ಸ್ನಾಯು’ ಎಂಬ ಪದವೇ ರೂಢಿಯಲ್ಲಿದೆ. ಆದರೆ ಸುಶ್ರುತಸಂಹಿತೆಯಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಿಗಿದಿರುವ ಕಟ್ಟು. ನಾವು ಹೇಳತಕ್ಕ ವಸ್ತುವಿಗೆ ಅಲ್ಲಿನ ಹೆಸರು ‘ಪೇಶಿ’. ಪೇಶಿಗಳು ೫೦೦, ಸ್ನಾಯುಗಳು ೯೦೦ ಎಂದು ಅಲ್ಲಿ ಬೇರೆಬೇರೆಯಾಗಿಯೇ ಎಣಿಕೆ ಮಾಡಿದೆ. ಈ ಗೊಂದಲ ಬೇಡವೆಂದು ನಾವು ‘ಮಾಂಸಖಂಡ’ವೆಂಬ ಪದವನ್ನೇ ಬಳಸಿದ್ದೇವೆ. ಎಲುಬಿಗೆ ಹತ್ತಿಕೊಂಡು ನಮ್ಮ ಇಚ್ಛೆಗೆ ಒಳಪಟ್ಟು ಚಲಿಸುವ ಮಾಂಸಖಂಡವೇ ಇಲ್ಲಿ ವಿವಕ್ಷಿತ. ಹೃದಯ, ಕರುಳು ಮೊದಲಾದವುಗಳದಲ್ಲ.

ಪ್ರಾಚೀನರಿಗೆ ಈ ವಿಷಯದಲ್ಲಿ ಅನುಭವವಿದ್ದಿತು. ಕರುವನ್ನು ದಿನದಿನವೂ ಹೊತ್ತು, ಅದು ಎತ್ತಾಗಿ ಬೆಳೆದ ಮೇಲೂ ಹೊರಬಲ್ಲವನಾದ ಕ್ರೊಟೋನದ ಮೈಲೋವಿನ ಕಥೆ ಗ್ರೀಕರಲ್ಲಿ ಪ್ರಸಿದ್ಧವಾದುದು. ಸುಶ್ರುತನು ವ್ಯಾಯಾಮವನ್ನು ತನ್ನ ಬಲದ ಅರ್ಧಕ್ಕೆ ನಿಲ್ಲಿಸಬೇಕೆಂದು ವಿಧಿಸಿದನು. ಗರಡಿಯ ಉಸ್ತಾದರು ಹಾಲು, ತುಪ್ಪ, ಬಾದಾಮಿಗಳ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೋ ಸಾಮಿನ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ಇವೆಲ್ಲ ಅನುಭವದ ಮಾತುಗಳು, ಅಳತೆಯ ಮಾತುಗಳಲ್ಲ. ಅಳತೆಗೆ ಬೇಕಾದ ಸಾಧನ ದೊರೆತುದು ರಸಾಯನಶಾಸ್ತ್ರದಿಂದ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು ೧೬ ಭಾಗ ಸಾರಜನಕವಿದೆ. ಪಿಷ್ಟ, ಸಕ್ಕರೆ, ಕೊಬ್ಬುಗಳಲ್ಲಿ ಅದಿಲ್ಲ. ಶರೀರದಲ್ಲಿ ಪ್ರೋಟೀನು ಒಡೆದಾಗ ಆ ಸಾರಜನಕದ ಬಹುಭಾಗ ಯೂರಿಯಾ ರೂಪದಲ್ಲಿ ಮೂತ್ರದೊಡನೆ ಹೊರಬೀಳುತ್ತದೆ. ಆದ್ದರಿಂದ ಉಂಡುದೆಷ್ಟು, ಹೊರಹೋದುದೆಷ್ಟು ಎಂದು ಸಾರಜನಕದ ಆಯವ್ಯಯವನ್ನು ಬರೆದಿಟ್ಟರೆ, ಮೈಯ ಮಾಂಸ ಕೂಡುತ್ತಿದೆಯೋ ಕರಗುತ್ತಿದೆಯೋ ಎಂಬುದು ಚರ್ಮವನ್ನು ಸೀಳದೆಯೇ ತಿಳಿಯುತ್ತದೆ. ಮುಂದಿನ ನೂರು ವರ್ಷಗಳ ವಿವಾದವೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಡೆಯಿತು.

ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗನು ೧೮೪೨ರಲ್ಲಿ ಪ್ರಾಣಿರಸಾಯನವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಆಹಾರದಲ್ಲಿ ಎರಡು ಬಗೆ ಎಂಬುದು ಅವನ ಮತ. ಸಾರಜನಕವುಳ್ಳವು ಮೈಯನ್ನು ಕಟ್ಟತಕ್ಕವು. ಉಳಿದವು ಉಸಿರಾಟದಲ್ಲಿ ಉರಿದು ಶಾಖ ಕೊಡತಕ್ಕವು. ಮಾಂಸಖಂಡ ಕೆಲಸ ಮಾಡುವಾಗ ತನ್ನನ್ನೇ ತಾನು ಒಡೆದುಕೊಳ್ಳುತ್ತದೆ. ಆ ಒಡೆಯುವಿಕೆಯಿಂದಲೇ ಬಲ ಹುಟ್ಟುತ್ತದೆ. ಹಾಗಾದರೆ ಮೂತ್ರದ ಯೂರಿಯಾವೇ ದುಡಿಮೆಯ ಮಾಪಕ. ದುಡಿದವನು ಕಳೆದುಕೊಂಡ ಮಾಂಸವನ್ನು ಮತ್ತೆ ಮಾಂಸದಂಥ ಆಹಾರದಿಂದಲೇ ತುಂಬಿಕೊಳ್ಳಬೇಕು. ಸಿದ್ಧಾಂತದ ಅಂದಚಂದ ಒಪ್ಪತಕ್ಕದ್ದೇ. ಆದರೆ ದುಡಿಯುವ ಮನುಷ್ಯನ ಮೂತ್ರವನ್ನು ಅಳೆದು ಕಟ್ಟಿದ ಸಿದ್ಧಾಂತ ಇದಲ್ಲ. ರಾಸಾಯನಿಕ ತರ್ಕದಿಂದ ಮೊದಲೇ ಕಟ್ಟಿ, ಅಳತೆಯನ್ನು ಅನಂತರದವರಿಗೆ ಬಿಟ್ಟುದು. ದುಡಿಮೆಯಿಂದ ಮಾಂಸ ಒಡೆದರೂ ಆಹಾರ ಅದನ್ನು ಮತ್ತೆ ಕಟ್ಟುತ್ತದೆಂದು ಹೇಳಿ, ಉಸ್ತಾದರ ಅನುಭವಕ್ಕೂ ಇದಕ್ಕೂ ಇರುವ ವಿರೋಧವನ್ನು ಲೀಬಿಗನ ಪಕ್ಷದವರು ತಪ್ಪಿಸಿಕೊಳ್ಳಬಹುದಾಗಿದ್ದಿತು.

ಅಳತೆ ಮಾಡಿದವರಿಗೆ ಬೇರೆಯೇ ಫಲ ದೊರೆಯಿತು. ಲಂಡನ್ನಿನ ವೈದ್ಯ ಎಡ್ವರ್ಡ್ ಸ್ಮಿತ್ತನು ಸೆರೆಮನೆಯಲ್ಲಿ ಕೈದಿಗಳು ತುಳಿಯುತ್ತಿದ್ದ ದೊಡ್ಡ ಚಕ್ರದ ದುಡಿಮೆಯನ್ನು ಪರೀಕ್ಷೆಗೆ ತೆಗೆದುಕೊಂಡನು. ಉಸಿರಿನ ಇಂಗಾಲಾಮ್ಲ ಬಹಳ ಏರಿತು. ಯೂರಿಯಾ ಅದಕ್ಕೆ ತಕ್ಕಂತೆ ಏರಲಿಲ್ಲ. ಮ್ಯೂನಿಕ್ಕಿನ ಕಾರ್ಲ್ ಫಾಯ್ಟನು ೧೮೬೦ರಲ್ಲಿ ನಾಯಿಯೊಂದನ್ನು ಚಕ್ರದಲ್ಲಿ ಓಡಿಸಿ ಹೀಗೆಯೇ ಕಂಡನು. ಆದರೆ ವಿದ್ವತ್ಪ್ರಪಂಚದ ಗಮನವನ್ನು ಸೆಳೆದುದು ಇವರ ಕೆಲಸವಲ್ಲ. ಒಂದು ಬೆಟ್ಟದ ಪ್ರಯಾಣ.

೧೮೬೫ರ ಆಗಸ್ಟ್ ೩೦ನೆಯ ದಿನ ಬೆಳಗಿನ ಐದು ಗಂಟೆಯ ಸುಮಾರಿಗೆ ಜೂರಿಕ್ಕಿನ ಇಬ್ಬರು ಪ್ರಾಧ್ಯಾಪಕರು, ಅಂಗಕ್ರಿಯಾಶಾಸ್ತ್ರದ ಅಡಾಲ್ಫ್ ಫಿಕ್ಕನೂ ರಸಾಯನಶಾಸ್ತ್ರದ ಯೊಹಾನೆಸ್ ವಿಸ್ಲಿಸೇನಸನೂ, ಸ್ವಿಟ್ಸರ್ಲೆಂಡಿನ ಬ್ರೀಂಟ್ಸ್ ಸರೋವರದ ದಡದಿಂದ ಫೌಲ್‌ಹಾರ್ನ್ ಶಿಖರವನ್ನು ಏರಲು ಹೊರಟರು. ಹಿಂದಿನ ದಿನ ನಡುಹಗಲಿನಿಂದ ಅವರು ಪ್ರೋಟೀನುಳ್ಳ ಯಾವ ಪದಾರ್ಥವನ್ನೂ ಮುಟ್ಟಿರಲಿಲ್ಲ. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಸಕ್ಕರೆ ಬೆರೆಸಿದ ಚಹಾ, ಇಷ್ಟೇ ಮುಖ್ಯ ಆಹಾರ. ಹೊರಡುವ ಮುನ್ನ, ಏರುವಾಗ, ಏರಿದ ಮೇಲೆ, ಹೀಗೆ ಕಾಲವಿಭಾಗ ಮಾಡಿ ಮೂತ್ರವನ್ನು ಬೇರೆಬೇರೆಯಾಗಿ ಕೂಡಿಟ್ಟರು. ಶಿಖರವನ್ನು ಮುಟ್ಟಿದುದು ಮಧ್ಯಾಹ್ನ; ಏರಿದ ಎತ್ತರ ಸರೋವರದಿಂದ ೧೯೫೬ ಮೀಟರು. ಫಿಕ್ಕನ ತೂಕ ೬೬ ಕಿಲೋಗ್ರಾಂ, ವಿಸ್ಲಿಸೇನಸನದು ೭೬. ಆದುದರಿಂದ ತಮ್ಮ ದೇಹವನ್ನು ಮೇಲಕ್ಕೆ ಎತ್ತುವುದಕ್ಕೇ ಅವರು ಮಾಡಿದ ಕೆಲಸ ಒಬ್ಬನದು ಸುಮಾರು ೧,೨೯,೦೦೦ ಕಿಲೋಗ್ರಾಂ-ಮೀಟರು, ಇನ್ನೊಬ್ಬನದು ೧,೪೮,೦೦೦ಕ್ಕೂ ಹೆಚ್ಚು. ಹೃದಯ, ಉಸಿರಾಟ, ಕೈಬೀಸುವಿಕೆಗಳ ಕೆಲಸ ಇದರಲ್ಲಿ ಸೇರಿಲ್ಲ.

ಮೂತ್ರದ ಸಾರಜನಕವನ್ನು ನೋಡಿದಾಗ, ಏರುವಾಗಲೂ ಅನಂತರದ ಕೆಲವು ಗಂಟೆಗಳಲ್ಲೂ ಒಬ್ಬೊಬ್ಬನ ಮೈಯಲ್ಲಿ ಉರಿದ ಪ್ರೋಟೀನು ೩೭ ಗ್ರಾಮಿನಷ್ಟೇ ಎಂದು ತಿಳಿಯಿತು. ಅದರಿಂದ ಎಷ್ಟು ಕೆಲಸ ದೊರೆಯಬಲ್ಲುದು? ಪ್ರೋಟೀನಿನ ದಹನಶಾಖವನ್ನು ನೇರವಾಗಿ ಅಳೆದವರು ಆಗ ಇರಲಿಲ್ಲ. ಆ ಅಳತೆಯನ್ನು ೧೮೬೬ರಲ್ಲಿ ಲಂಡನ್ನಿನ ಎಡ್ವರ್ಡ್ ಫ್ರಾಂಕ್ಲೆಂಡನು ಪೂರೈಸಿದನು. ಶರೀರದಲ್ಲಿ ಪ್ರೋಟೀನು ಪೂರ್ತಿ ಉರಿಯದೆ ಯೂರಿಯಾವಾಗಿ ಉಳಿಯುವುದನ್ನೂ ಅವನು ಲೆಕ್ಕದಿಂದ ಕಳೆದನು. ೩೭ ಗ್ರಾಂ ಪ್ರೋಟೀನಿನ ಶಕ್ತಿಯೆಲ್ಲ ಒಂದಿಷ್ಟೂ ನಷ್ಟವಾಗದೆ ಕೆಲಸವಾದರೂ ದೊರೆಯತಕ್ಕದ್ದು ೬೮,೦೦೦ ಕಿಲೋಗ್ರಾಂ-ಮೀಟರಿನ ಆಸುಪಾಸು. ಬೆಟ್ಟವನ್ನು ಏರಿದ ಕೆಲಸದ ಅರ್ಧಕ್ಕೆ ಸಾಲುವುದೂ ಕಷ್ಟ. ಹೀಗಾಗಿ ಮಾಂಸಖಂಡ ದುಡಿಯುವಾಗ ಮುಖ್ಯವಾಗಿ ಉರಿಯುವುದು ಪಿಷ್ಟ ಮತ್ತು ಕೊಬ್ಬು. ಮಾಂಸಖಂಡವು ಒಂದು ಯಂತ್ರ. ಉಗಿಯಂತ್ರ ತನ್ನ ಉಕ್ಕನ್ನು ಉರಿಸುವುದಿಲ್ಲ, ಕಲ್ಲಿದ್ದಲನ್ನು ಉರಿಸುತ್ತದೆ. ಈ ಉಪಮೆಯನ್ನು ಅಂದಿನ ಲೇಖಕರು ಬಹು ಸಂತೋಷದಿಂದ ಬಳಸಿದರು. ಉಪಮೆ ಅರ್ಧ ಮಾತ್ರ ಸರಿ ಎಂಬುದನ್ನು ಮುಂದೆ ನೋಡಲಿದ್ದೇವೆ.

ಅದೇ ೧೮೬೫ರಲ್ಲಿ ಲೀಬಿಗನ ಹೆಸರಿನಲ್ಲಿ ಮಾಂಸಸಾರವನ್ನು ತಯಾರಿಸುವ ಕಂಪನಿ ಲಂಡನ್ನಿನಲ್ಲಿ ಸ್ಥಾಪಿತವಾಯಿತೆಂಬುದು ಇತಿಹಾಸದ ವಿನೋದ. ಆ ಸಾರದಲ್ಲಿ ಪ್ರೋಟೀನು ಅತ್ಯಲ್ಪ. ಲೀಬಿಗನು ೧೮೭೦ರಲ್ಲಿ ಯೂರಿಯಾ ದುಡಿಮೆಯ ಮಾಪಕವಲ್ಲವೆಂದು ಒಪ್ಪಿದನು. ಆದರೆ ಬಲದ ಮೂಲ ಮಾಂಸಖಂಡದ ವಸ್ತುವೇ ಎಂಬ ನಂಬಿಕೆಯನ್ನು ಸುಲಭವಾಗಿ ಕೈಬಿಡಲಿಲ್ಲ. ಅಮೆರಿಕದಲ್ಲಿ ಕಿರಿಯ ಆಸ್ಟಿನ್ ಫ್ಲಿಂಟನು ಅದೇ ವರ್ಷ ಎಡ್ವರ್ಡ್ ಪೇಸನ್ ವೆಸ್ಟನ್ ಎಂಬ ಪ್ರಸಿದ್ಧ ನಡಿಗೆಗಾರನನ್ನು ಪರೀಕ್ಷಿಸಿದನು. ವೆಸ್ಟನ್ನನು ಐದು ದಿನಗಳಲ್ಲಿ ೩೦೦ ಮೈಲಿಗೂ ಮಿಗಿಲಾಗಿ ನಡೆದಾಗ, ಅವನು ಉಂಡುದಕ್ಕಿಂತ ಹೆಚ್ಚು ಸಾರಜನಕ ಹೊರಬಿದ್ದಿತು. ಲೀಬಿಗನ ಪಕ್ಷಕ್ಕೆ ಇದೊಂದು ದೊಡ್ಡ ಆಸರೆಯಾಯಿತು. ಆದರೆ ಆ ಐದು ದಿನ ವೆಸ್ಟನ್ನನ ಊಟ ಅವನ ದುಡಿಮೆಗೆ ಎಷ್ಟು ಮಾತ್ರಕ್ಕೂ ಸಾಲುತ್ತಿರಲಿಲ್ಲ. ಕಲ್ಲಿದ್ದಲು ಸಾಲದೆ ಹೋದರೆ ಈ ಯಂತ್ರ ತನ್ನ ಉಕ್ಕನ್ನೂ ಉರಿಸಬಲ್ಲುದೆಂಬುದೇ ಅಲ್ಲಿ ಕಂಡ ಸಂಗತಿ ಎಂದು ಇಂದು ನಾವು ಓದಿಕೊಳ್ಳಬಹುದು. ಆ ಕಾಲದವರು ಹಾಗೆ ಓದಲಿಲ್ಲ.

ಸಿದ್ಧಾಂತ ಬಿದ್ದರೂ ಅದರಿಂದ ಹುಟ್ಟಿದ ಅಂಕಿ ಬೀಳಲಿಲ್ಲ. ದುಡಿಮೆಯಿಂದ ಪ್ರೋಟೀನಿನ ವೆಚ್ಚ ಏರುವುದಿಲ್ಲವೆಂದು ತೋರಿಸಿದ ಅದೇ ಫಾಯ್ಟನು, ಸಾಧಾರಣ ದುಡಿಮೆಯವನಿಗೆ ದಿನಕ್ಕೆ ೧೧೮ ಗ್ರಾಂ ಪ್ರೋಟೀನು ಬೇಕೆಂದು ಗೊತ್ತುಮಾಡಿದನು. ಜರ್ಮನಿಯ ಕೆಲಸಗಾರರು ಉಣ್ಣುತ್ತಿದ್ದುದು ಸುಮಾರು ಅಷ್ಟು. ಉಣ್ಣುತ್ತಿದ್ದುದೇ ಬೇಕಾದುದೂ ಆಯಿತು. ಇದನ್ನು ಯೇಲ್ ವಿಶ್ವವಿದ್ಯಾನಿಲಯದ ರಸೆಲ್ ಚಿಟೆಂಡನ್ನನು ಪ್ರಶ್ನಿಸಿ ೧೯೦೪ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಅಧ್ಯಾಪಕರು, ಸೈನ್ಯದ ಸ್ವಯಂಸೇವಕರು, ವಿದ್ಯಾರ್ಥಿ ಕ್ರೀಡಾಪಟುಗಳು, ಹೀಗೆ ಮೂರು ಗುಂಪುಗಳಿಗೆ ತಿಂಗಳುಗಟ್ಟಲೆ ಅದರ ಅರ್ಧದಷ್ಟು ಪ್ರೋಟೀನನ್ನು ಕೊಟ್ಟು, ಅವರ ಆರೋಗ್ಯ ಕೆಡಲಿಲ್ಲ, ಬಲ ಹೆಚ್ಚಿತು ಎಂದು ತೋರಿಸಿದನು. ಆರೋಗ್ಯ ಕೆಡಲಿಲ್ಲವೆಂಬುದು ನಿಜ. ಬಲ ಹೆಚ್ಚಿದುದಕ್ಕೆ ಆಹಾರವೇ ಕಾರಣವೆಂಬ ಅವನ ತೀರ್ಮಾನವನ್ನು ಮಾತ್ರ ನಾವು ಒಪ್ಪಲಾರೆವು. ಆ ಸೈನಿಕರು ಪ್ರತಿದಿನವೂ ವ್ಯಾಯಾಮಶಾಲೆಯಲ್ಲಿ ಕಸರತ್ತು ಮಾಡುತ್ತಿದ್ದರು.

ಚಿಟೆಂಡನ್ನನಿಗೆ ಬಲವಾದ ಉತ್ತರ ಬಂದುದು ಕಲ್ಕತ್ತೆಯಿಂದ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಡಿ. ಮೆಕ್‌ಕೇ ಎಂಬ ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿ, ಬಂಗಾಳದ ಮತ್ತು ಸಂಯುಕ್ತ ಪ್ರಾಂತಗಳ ಸೆರೆಮನೆಗಳ ಆಹಾರವನ್ನು ಪರಿಶೀಲಿಸಿ, ೧೯೧೨ರಲ್ಲಿ ಆಹಾರದಲ್ಲಿ ಪ್ರೋಟೀನಿನ ಸ್ಥಾನವನ್ನು ಕುರಿತು ಪುಸ್ತಕವನ್ನು ಬರೆದನು. ಅವನ ವಾದ ಹೀಗೆ: ಚಿಟೆಂಡನ್ನನು ಕೆಲವರ ಮೇಲೆ ಕೆಲವು ತಿಂಗಳು ಮಾಡಿದ ಪ್ರಯೋಗವನ್ನು ಪ್ರಕೃತಿಯು ಬಂಗಾಳದಲ್ಲಿ ಲಕ್ಷಾಂತರ ಜನರ ಮೇಲೆ ತಲೆಮಾರುಗಳಿಂದ ನಡೆಸಿದೆ, ಅನ್ನವನ್ನೇ ನಂಬಿದ ಬಂಗಾಳಿಯ ಮೈಕಟ್ಟನ್ನೂ ಗೋಧಿ, ಹಾಲು, ಮಾಂಸಗಳನ್ನುಣ್ಣುವ ಸಿಖ್ಖನ ಮೈಕಟ್ಟನ್ನೂ ಹೋಲಿಸಿ ನೋಡಿದರೆ ಉತ್ತರ ದೊರೆಯುತ್ತದೆ. ಮೆಕ್‌ಕೇಯ ಪ್ರಯೋಗಶಾಲೆಯ ಕೆಲಸ ಹಗುರವಾದುದಲ್ಲ. ಅನ್ನದ ರಾಶಿ ಹೆಚ್ಚಾದಷ್ಟೂ ಆಹಾರದ ಪ್ರೋಟೀನು ಕರುಳಿನಲ್ಲಿ ಕಡಮೆಯಾಗಿ ಹೀರಲ್ಪಡುತ್ತದೆಂದು ಅವನು ತೋರಿಸಿದನು. ಕೈದಿಗಳ ಊಟದಲ್ಲಿ ಅಕ್ಕಿಯ ಒಂದು ಭಾಗಕ್ಕೆ ಬದಲಾಗಿ ಬೇರೆ ಧಾನ್ಯವನ್ನು ಕೊಡುವಂತೆ ಸೂಚಿಸಿದನು. ಆದರೆ ಪ್ರಯೋಗಶಾಲೆಯಿಂದ ಜನಾಂಗಕ್ಕೆ ಅವನು ಹಾರಿದ ಹಾರಿಕೆ ಶಾಸ್ತ್ರೀಯವಲ್ಲ. ಮಲೇರಿಯಾ, ಕೊಕ್ಕೆಹುಳು, ಒಟ್ಟು ಅನ್ನದ ಕೊರತೆ, ಮಾಡುವ ಕೆಲಸದ ಬಗೆ, ಸೈನ್ಯಕ್ಕೆ ಜನರನ್ನು ಆರಿಸುವಾಗಲೇ ಮೈಕಟ್ಟು ನೋಡಿ ಆರಿಸುವ ಪದ್ಧತಿ, ಇವನ್ನೆಲ್ಲ ಬದಿಗಿಟ್ಟು ಪ್ರೋಟೀನೊಂದನ್ನೇ ಕಾರಣವೆಂದು ಹಿಡಿದನು. ಆಳುವವರಿಗೆ ಅಂದು ಪ್ರಿಯವಾಗಿದ್ದ ‘ಯೋಧ ಜನಾಂಗ’ಗಳ ಕಲ್ಪನೆಗೆ ರಸಾಯನಶಾಸ್ತ್ರದ ಮುದ್ರೆ ಬಿದ್ದಂತಾಯಿತು.

ಇದೇ ಪ್ರಶ್ನೆಯನ್ನು ಇಲಿಗಳ ಮೇಲೆ ಪರೀಕ್ಷಿಸಿದವನು ನೀಲಗಿರಿಯ ಕೂನೂರಿನಲ್ಲಿದ್ದ ರಾಬರ್ಟ್ ಮೆಕ್ಯಾರಿಸನ್. ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಸಿಖ್ಖ, ಪಠಾಣ, ಮರಾಠ, ಗೂರ್ಖ, ಕನ್ನಡಿಗ, ಬಂಗಾಳಿ, ಮದರಾಸಿ ಎಂಬ ಹೆಸರಿನ ಏಳು ಬಗೆಯ ಊಟವನ್ನು ೧೪೦ ದಿನ ಕೊಟ್ಟನು. ಕೊನೆಗೆ ಸಿಖ್ಖರ ಊಟದ ಇಲಿಗಳ ಸರಾಸರಿ ತೂಕ ೨೩೫ ಗ್ರಾಂ, ಕನ್ನಡಿಗರದು ೧೮೫, ಮದರಾಸಿನದು ೧೫೫. ೧೯೩೬ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವನು ಇದನ್ನು ವಿವರಿಸಿದನು. ಕನ್ನಡಿಗರಾದ ನಮಗೆ ಇಲ್ಲೊಂದು ಆಕ್ಷೇಪಣೆ ಸಹಜ. ಹಳೆಯ ಮೈಸೂರಿನ ರಾಗಿಮುದ್ದೆ, ಧಾರವಾಡದ ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಅನ್ನ ಮತ್ತು ಮೀನು, ಇವೆಲ್ಲಕ್ಕೂ ಸೇರಿ ‘ಕನ್ನಡಿಗರ ಊಟ’ವೆಂಬ ಒಂದೇ ಊಟ ಎಲ್ಲಿದೆ? ಇದಕ್ಕಿಂತ ಮುಖ್ಯವಾದುದು ಬೇರೊಂದಿದೆ. ಮೆಕ್ಯಾರಿಸನ್ನನು ಪ್ರೋಟೀನೊಂದಕ್ಕೇ ಅಂಟಿಕೊಳ್ಳದೆ ಹಾಲು, ಸೊಪ್ಪು, ಜೀವಸತ್ವಗಳನ್ನೂ ಲೆಕ್ಕಕ್ಕೆ ತಂದುದು ನಿಜವಾದ ಮುನ್ನಡೆ. ಆದರೆ ಆ ಪ್ರಯೋಗದಲ್ಲಿ ತೂಗಿದುದು ಊಟವನ್ನು ಮಾತ್ರ, ದುಡಿಮೆಯನ್ನಲ್ಲ. ಬೆಳೆಯುವ ಪ್ರಾಣಿಯ ಒಟ್ಟು ತೂಕದಿಂದ ಮಾಂಸಖಂಡದ ಬಲವನ್ನು ಊಹಿಸುವುದು ಸಾಧುವಲ್ಲ.

ದುಡಿಮೆಯನ್ನು ತೂಗಿದ ಕೆಲಸ ಇಷ್ಟರಲ್ಲೇ ಇಟಲಿಯಲ್ಲಿ ನಡೆದಿದ್ದಿತು. ೧೮೯೭ರಲ್ಲಿ ಬೆನೆಡೆಟ್ಟೊ ಮೊರ್ಪುರ್ಗೋ ನಾಯಿಗಳ ಒಂದು ತೊಡೆಯಿಂದ ಒಂದು ಮಾಂಸಖಂಡವನ್ನು ತೆಗೆದಿಟ್ಟುಕೊಂಡು, ಅನಂತರ ಅವನ್ನು ಎರಡು ತಿಂಗಳು ಚಕ್ರದಲ್ಲಿ ಓಡಿಸಿ, ಇನ್ನೊಂದು ತೊಡೆಯ ಅದೇ ಮಾಂಸಖಂಡದೊಡನೆ ಹೋಲಿಸಿದನು. ಓಟದ ಅನಂತರದ ಮಾಂಸಖಂಡ ದಪ್ಪನಾಗಿದ್ದಿತು. ಸೂಕ್ಷ್ಮದರ್ಶಕದಲ್ಲಿ ತಂತುಗಳನ್ನು ಎಣಿಸಿದಾಗ ಸಂಖ್ಯೆ ಹೆಚ್ಚಿರಲಿಲ್ಲ. ಒಂದೊಂದು ತಂತುವೂ ದಪ್ಪಗಾಗಿದ್ದಿತು. ಯಂತ್ರದ ಉಪಮೆ ಅರ್ಧ ಮಾತ್ರ ಸರಿ ಎಂದುದು ಇದಕ್ಕಾಗಿಯೇ. ಓಡಿದಷ್ಟೂ ತನ್ನ ಉಕ್ಕನ್ನು ಹೆಚ್ಚಿಸಿಕೊಳ್ಳುವ ಉಗಿಯಂತ್ರವನ್ನು ಯಾರೂ ಕಂಡಿಲ್ಲ. ಈ ತತ್ತ್ವ ಚಿಕಿತ್ಸೆಗೆ ಬರಲು ಅರ್ಧ ಶತಮಾನವೇ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ತೊಡೆಯೆಲುಬು, ಮೊಳಕಾಲುಗಳಿಗೆ ಪೆಟ್ಟಾದ ಸೈನಿಕರಿಗೆ ಲಘು ವ್ಯಾಯಾಮಕ್ಕೆ ಬದಲಾಗಿ ಕ್ರಮಕ್ರಮವಾಗಿ ಏರುವ ಭಾರವನ್ನು ಎತ್ತಿಸಿ ಥಾಮಸ್ ಡಿಲೋರ್ಮನು ೧೯೪೫ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಮೈಲೋವಿನ ಕರು ಆಸ್ಪತ್ರೆಯನ್ನು ಹೊಕ್ಕಂತಾಯಿತು.

ಇನ್ನು ವಿಶ್ರಾಂತಿಯ ವಿಷಯ. ರೋಗಿಗೆ, ಬಾಣಂತಿಗೆ, ಶಸ್ತ್ರಚಿಕಿತ್ಸೆಯಾದವನಿಗೆ ಹಾಸಿಗೆಯೇ ಮದ್ದೆಂಬ ನಂಬಿಕೆ ಎಲ್ಲ ದೇಶಗಳ ವೈದ್ಯರಲ್ಲೂ ಬೇರೂರಿದ್ದಿತು. ಲಂಡನ್ನಿನ ರಿಚರ್ಡ್ ಆಶರನು ೧೯೪೭ರಲ್ಲಿ ಹಾಸಿಗೆಯ ಅಪಾಯಗಳನ್ನು ಕುರಿತು ವ್ಯಂಗ್ಯ ತುಂಬಿದ ಲೇಖನವನ್ನು ಬರೆದನು. ಅದಕ್ಕೆ ಬೇಕಾದ ಅಂಕಿಗಳು ಮರುವರ್ಷ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಬಂದವು. ಡೀಟ್ರಿಕ್, ವೀಡನ್, ಶೋರ್ ಎಂಬ ಮೂವರು ಆರೋಗ್ಯವಂತರಾದ ನಾಲ್ವರು ಯುವಕರಿಗೆ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರಿನ ಕಟ್ಟನ್ನು ಹಾಕಿ ಆರೇಳು ವಾರ ಮಲಗಿಸಿದರು. ಊಟದಲ್ಲಿ ಹಿಂದಿನದಕ್ಕೂ ಅಂದಿನದಕ್ಕೂ ವ್ಯತ್ಯಾಸವಿಲ್ಲ. ರೋಗವಿಲ್ಲ, ಜ್ವರವಿಲ್ಲ, ಗಾಯವಿಲ್ಲ. ಆದರೂ ಮಲಗಿದ ಕೆಲವೇ ದಿನಗಳಲ್ಲಿ ಮೂತ್ರದ ಸಾರಜನಕ ಏರತೊಡಗಿ, ಉಂಡುದಕ್ಕಿಂತ ಕಳೆದುದೇ ಹೆಚ್ಚಾಯಿತು. ಎಲುಬಿನ ಸುಣ್ಣವೂ ಜೊತೆಗೆ ಹೋಯಿತು. ಕಾಲಿನ ಸುತ್ತಳತೆಯೂ ಬಲವೂ ಇಳಿದವು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇವೆ. ಲೀಬಿಗನು ಬೆಟ್ಟವೇರುವವನ ಮೂತ್ರದಲ್ಲಿ ನಿರೀಕ್ಷಿಸಿದ ಸಾರಜನಕ ಅಲ್ಲಿ ದೊರೆಯಲಿಲ್ಲ. ಏನೂ ಕೆಲಸ ಮಾಡದೆ ಮಲಗಿದವನ ಮೂತ್ರದಲ್ಲಿ ದೊರೆಯಿತು. ದುಡಿಮೆಯ ವೆಚ್ಚವೆಂದು ಅವನು ಬರೆದುದು ನಿಜವಾಗಿ ಸುಮ್ಮನಿರುವಿಕೆಯ ವೆಚ್ಚವಾಗಿದ್ದಿತು. ಮಾಂಸಖಂಡದ ಪ್ರೋಟೀನು ಎಂದೂ ಸ್ಥಿರವಾದ ಕಟ್ಟಡವಲ್ಲ. ಒಂದು ಕಡೆ ಒಡೆಯುತ್ತ ಇನ್ನೊಂದು ಕಡೆ ಕಟ್ಟುತ್ತ ಇರುವ ವಸ್ತು. ಬಳಕೆಯಿರುವವರೆಗೆ ಕಟ್ಟುವಿಕೆ ಒಡೆಯುವಿಕೆಗೆ ಸರಿದೂಗುತ್ತದೆ, ಇಲ್ಲವೆ ಮೀರುತ್ತದೆ. ಬಳಕೆ ನಿಂತಾಗ, ಊಟ ಎಷ್ಟೇ ಇರಲಿ, ಕಟ್ಟುವಿಕೆ ಕುಗ್ಗುತ್ತದೆ.

ಆದರೆ ದುಡಿಮೆಯೊಂದೇ ಸಾಕೆಂದು ಇದರಿಂದ ತಿಳಿಯಕೂಡದು. ೧೯೪೪–೪೫ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸನು ೩೬ ಮಂದಿ ಸ್ವಯಂಸೇವಕರಿಗೆ ೨೪ ವಾರ ಅರೆಹೊಟ್ಟೆಯ ಊಟ ಕೊಟ್ಟನು. ಯುದ್ಧದಲ್ಲಿ ಆಯುಧ ಹಿಡಿಯಲಾರೆವೆಂದು ಆತ್ಮಸಾಕ್ಷಿಯ ಕಾರಣದಿಂದ ನಿರಾಕರಿಸಿದವರು ಅವರು. ವಾರಕ್ಕೆ ೨೨ ಮೈಲಿ ನಡೆಯುವುದು ಅವರಿಗೆ ಕಡ್ಡಾಯವಾಗಿದ್ದಿತು. ತೂಕದಲ್ಲಿ ಸುಮಾರು ಕಾಲುಭಾಗ ಹೋಯಿತು. ನಡೆಯುತ್ತಿದ್ದ ಕಾಲುಗಳೂ ಸಣ್ಣಗಾದವು. ಒಟ್ಟು ಶಕ್ತಿ ಸಾಲದೆ ಹೋದಾಗ ಪ್ರೋಟೀನು ಕಟ್ಟುವ ಕೆಲಸವನ್ನು ಬಿಟ್ಟು ಉರಿಯುವ ಕೆಲಸಕ್ಕೆ ಹೋಗುತ್ತದೆ. ವೆಸ್ಟನ್ನನ ನಡಿಗೆಯ ಒಗಟು ಇಲ್ಲಿ ಬಿಡಿಸಿದಂತಾಯಿತು. ಕೂನೂರಿನಿಂದ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾದ ಪೋಷಣಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು ೧೯೭೩ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ಬಡ ಮಕ್ಕಳ ಮನೆಯೂಟದ ಜೊತೆಗೆ ದಿನಕ್ಕೆ ೩೧೦ ಕ್ಯಾಲೊರಿಯಷ್ಟು ಆಹಾರವನ್ನು ಕೊಟ್ಟರು. ಅದರಲ್ಲಿ ಪ್ರೋಟೀನು ೩ ಗ್ರಾಂ ಮಾತ್ರ. ಆದರೂ ಮಕ್ಕಳ ತೂಕ, ಎತ್ತರಗಳು ಚೆನ್ನಾಗಿ ಏರಿದವು. ಅವರ ಧಾನ್ಯ, ಬೇಳೆಗಳಲ್ಲಿದ್ದ ಪ್ರೋಟೀನು ಅಷ್ಟರವರೆಗೆ ಒಲೆಗೆ ಹೋಗುತ್ತಿದ್ದಿತು. ಮೆಕ್‌ಕೇ ಕಂಡ ಬಂಗಾಳದ ಬಡವನ ಮೈಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡುವುದು ಉಚಿತ.

ವ್ಯಾಯಾಮದ ಪರಿಣಾಮ ಮೈಯೆಲ್ಲಕ್ಕೂ ಹರಡುವುದೋ, ದುಡಿದ ಅಂಗದಲ್ಲಿಯೇ ನಿಲ್ಲುವುದೋ ಎಂಬ ಸಂದೇಹ ಉಳಿದಿದ್ದಿತು. ೧೯೬೬ರಲ್ಲಿ ಸ್ಟಾಕ್‌ಹೋಮಿನ ಬೆರಿಸ್ಟ್ರೋಮ್ ಮತ್ತು ಹುಲ್ಟ್‌ಮನ್ ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು ಒಬ್ಬೊಬ್ಬರು ಒಂದೊಂದು ಕಾಲಿನಿಂದ ತುಳಿದರು. ಸೂಜಿಯಿಂದ ಎರಡೂ ತೊಡೆಗಳ ಚೂರನ್ನು ತೆಗೆದು ಗ್ಲೈಕೊಜನ್ ಎಂಬ ಪಿಷ್ಟವನ್ನು ಅಳೆದರು. ತುಳಿದ ಕಾಲಿನಲ್ಲಿ ಅದು ಬರಿದಾಯಿತು. ಅನಂತರ ಮೂರು ದಿನ ಪಿಷ್ಟದ ಊಟ ಮಾಡಿದಾಗ ಅದೇ ಕಾಲಿನಲ್ಲಿ, ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡರಷ್ಟು ತುಂಬಿತು. ಎರಡು ಕಾಲಿಗೂ ಹರಿದ ರಕ್ತ ಒಂದೇ, ಊಟ ಒಂದೇ. ಮರುವರ್ಷ ಜಾನ್ ಹೊಲೋಸಿಯು ಇಲಿಗಳನ್ನು ವಾರಗಟ್ಟಲೆ ಓಡಿಸಿ, ಮಾಂಸಖಂಡದಲ್ಲಿ ಆಮ್ಲಜನಕವನ್ನು ಬಳಸುವ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಇಮ್ಮಡಿಯಾದುದನ್ನು ತೋರಿಸಿದನು. ಅದೇ ವರ್ಷ ಆಲ್ಫ್ರೆಡ್ ಗೋಲ್ಡ್‌ಬರ್ಗನು ಇಲಿಯ ಮೀನಖಂಡದ ದೊಡ್ಡ ಭಾಗದ ತುದಿಯ ನಾರನ್ನು ಕತ್ತರಿಸಿ, ಅದರ ಕೆಳಗಿನ ಚಿಕ್ಕ ಮಾಂಸಖಂಡವೇ ಭಾರವನ್ನೆಲ್ಲ ಹೊರುವಂತೆ ಮಾಡಿದನು. ಕೆಲವೇ ದಿನಗಳಲ್ಲಿ ಅದು ದಪ್ಪನಾಯಿತು. ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವ ಗ್ರಂಥಿಯನ್ನು ತೆಗೆದುಹಾಕಿದ ಇಲಿಗಳಲ್ಲೂ ದಪ್ಪನಾಯಿತು. ಮುಂದಿನ ಕೆಲಸದಲ್ಲಿ, ಉಪವಾಸವಿದ್ದು ಉಳಿದ ಮಾಂಸಖಂಡಗಳೆಲ್ಲ ಕರಗುತ್ತಿದ್ದ ಇಲಿಗಳಲ್ಲೂ ಅದೊಂದು ಬೆಳೆಯಿತೆಂದು ಕಂಡಿತು.

ಈ ಮೂರು ಎಳೆಗಳನ್ನು ಒಂದೇ ಪ್ರಯೋಗದಲ್ಲಿ ಕೂಡಿಸಿದ ಅಧ್ಯಯನ ಬಾಸ್ಟನ್ ನಗರದಿಂದ ೧೯೯೪ರಲ್ಲಿ ಬಂದಿತು. ವೃದ್ಧರ ಆಶ್ರಯಾಲಯದಲ್ಲಿದ್ದ ನೂರು ಮಂದಿ, ಸರಾಸರಿ ವಯಸ್ಸು ೮೭. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅವರನ್ನು ನಾಲ್ಕು ಗುಂಪು ಮಾಡಿ ಹತ್ತು ವಾರ ನೋಡಿಕೊಂಡರು. ಒಂದಕ್ಕೆ ಕಾಲುಗಳಿಂದ ಭಾರವೆತ್ತುವ ವ್ಯಾಯಾಮ, ಒಂದಕ್ಕೆ ಪುಷ್ಟಿಕರವಾದ ಪೇಯ, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಭಾರವೆತ್ತಿದವರ ಬಲ ಇಮ್ಮಡಿಗೂ ಮೀರಿತು, ನಡಿಗೆ ಚುರುಕಾಯಿತು. ಪೇಯವನ್ನು ಮಾತ್ರ ಕುಡಿದವರ ದೌರ್ಬಲ್ಯ ಕಡಮೆಯಾಗಲಿಲ್ಲ. ಅವರು ದಿನದಲ್ಲಿ ಉಂಡ ಒಟ್ಟು ಆಹಾರವನ್ನು ಲೆಕ್ಕ ಹಾಕಿದಾಗ ಅದೂ ಏರಿರಲಿಲ್ಲ; ಪೇಯವನ್ನು ಕುಡಿದಷ್ಟು ಊಟವನ್ನು ಬಿಟ್ಟಿದ್ದರು. ಪೇಯದ ಜೊತೆಗೆ ಭಾರವನ್ನೂ ಎತ್ತಿದವರು ಮಾತ್ರ ಹಿಂದಿಗಿಂತ ಹೆಚ್ಚು ಉಂಡರು.